ಬಜ್ಪೆಯ ಮಳೆಯಲ್ಲಿ ವಿಮಾನ ನಿಲ್ಲುವುದು ಹೇಗೆ?

ಆಟಿ ತಿಂಗಳ ಒಂದು ಮಧ್ಯಾಹ್ನ. ಅಣ್ಣನ ಮಗ ದುಬೈಯಿಂದ ಬರುವವನಿದ್ದ. ಅವನನ್ನು ಕರೆತರಲು ಉಡುಪಿಯಿಂದ ಬಜ್ಪೆಗೆ ಹೋಗಿ ಮಂಗಳೂರು ವಿಮಾನ ನಿಲ್ದಾಣದ ಹೊರಗೆ ನಿಂತಿದ್ದೆ. ಎದುರಿನ ಪಾರ್ಕಿಂಗ್ ಕೂಡ ಕಾಣದಷ್ಟು ಮಳೆ. ವಿಮಾನದ ಸದ್ದು ಹತ್ತಿರ ಬಂತು. ಇನ್ನೇನು ಇಳಿಯಿತು ಅಂದುಕೊಳ್ಳುವಷ್ಟರಲ್ಲಿ ಸದ್ದು ಒಮ್ಮೆಲೇ ಜೋರಾಯಿತು, ಮೇಲಕ್ಕೆ ಹೋಯಿತು, ಮಳೆಯೊಳಗೆ ಕರಗಿತು. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು, ವಿಮಾನ ಬೆಂಗಳೂರಿಗೆ ಹೋಗಿದೆ ಅಂತ.

ಪಕ್ಕದಲ್ಲಿ ಮಗಳಿಗಾಗಿ ಕಾಯುತ್ತಿದ್ದ ಕುಂದಾಪುರ ಕಡೆಯ ಅಮ್ಮ ಒಬ್ಬರು ಕೇಳಿದರು, "ಅದರ ಬ್ರೇಕ್ ಸಮ ಇಲ್ವಾ ಮಗಾ?"

ಆಗ ಉತ್ತರ ಹೊಳೆಯದೆ ನಕ್ಕು ಸುಮ್ಮನಾದೆ. ಆದರೆ ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದು ಮುಗಿಯುತ್ತದೆ. ನಮ್ಮ ರನ್‌ವೇ ಇರುವುದು ಗುಡ್ಡದ ನೆತ್ತಿಯ ಮೇಲೆ. ಇಂಥದ್ದಕ್ಕೆ ಟೇಬಲ್‌ಟಾಪ್ ಅನ್ನುತ್ತಾರೆ. ಉದ್ದ 2,450 ಮೀಟರ್. ಅಷ್ಟರೊಳಗೆ, ನೀರು ಹರಿಯುವ ನೆಲದ ಮೇಲೆ, ವಿಮಾನ ನಿಲ್ಲಬೇಕು. ಹೇಗೆ ನಿಲ್ಲುತ್ತದೆ?

ಎಷ್ಟನ್ನು ನಿಲ್ಲಿಸಬೇಕು?

ಮಂಗಳೂರಿಗೆ ಬರುವ ವಿಮಾನಗಳಲ್ಲಿ ಬೋಯಿಂಗ್ 737 ಸಾಮಾನ್ಯ. ಇಳಿಯುವಾಗ ಅದರ ತೂಕ 65 ಟನ್‌ವರೆಗೂ ಇರಬಹುದು. ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 250 ಕಿಲೋಮೀಟರ್. ಅಂದರೆ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 70 ಮೀಟರ್. ಈ ಎಪ್ಪತ್ತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ಟನ್ ತೂಕದ ಕಾರು 60ರ ವೇಗದಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ಅಂಥ 1,100 ಕಾರುಗಳನ್ನು ಒಟ್ಟಿಗೆ ನಿಲ್ಲಿಸಲು ಬ್ರೇಕುಗಳು ಎಷ್ಟು ಶಕ್ತಿ ಹೀರಬೇಕೋ ಸುಮಾರು ಅಷ್ಟನ್ನು ಈ ಒಂದು ವಿಮಾನದಿಂದ ಕಳೆಯಬೇಕು. ಕಾರಣ ಬರೀ ತೂಕ ಅಲ್ಲ, ವೇಗ. ವೇಗ ಎರಡು ಪಟ್ಟಾದರೆ ಕಳೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ನೂರಕ್ಕೆ ಹತ್ತರಷ್ಟು ವೇಗ ಜಾಸ್ತಿಯಾದರೆ ನಿಲ್ಲಲು ಬೇಕಾಗುವ ಜಾಗ ನೂರಕ್ಕೆ ಇಪ್ಪತ್ತೊಂದರಷ್ಟು ಜಾಸ್ತಿ. ಪೈಲಟ್‌ಗಳು ಐದು ಹತ್ತು ಕಿಲೋಮೀಟರ್ ವೇಗಕ್ಕೂ ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ನಿಲ್ಲಿಸುವ ಮೂರು ಕೈಗಳು

ವಿಮಾನ ನಿಲ್ಲುವುದು ಒಂದೇ ಬ್ರೇಕಿನಿಂದಲ್ಲ. ರೆಕ್ಕೆಯ ಪಕ್ಕದ ಕಿಟಕಿ ಸಿಕ್ಕಿದ್ದರೆ ನೀವೇ ನೋಡಿರುತ್ತೀರಿ. ಗಾಲಿ ನೆಲ ಮುಟ್ಟಿದ ತಕ್ಷಣ ರೆಕ್ಕೆಯ ಬೆನ್ನಿನ ಮೇಲೆ ಹಲಗೆಗಳು ಪಟಪಟನೆ ಎದ್ದು ನಿಲ್ಲುತ್ತವೆ. ಇವುಗಳಿಗೆ ಸ್ಪಾಯ್ಲರ್ ಅಂತ ಹೆಸರು. ಗಾಳಿಗೆ ಅಡ್ಡ ನಿಂತು ವಿಮಾನವನ್ನು ತಡೆಯುತ್ತವೆ ಅಂತ ನಾವು ಅಂದುಕೊಳ್ಳುತ್ತೇವೆ. ಅದೂ ಉಂಟು. ಆದರೆ ದೊಡ್ಡ ಕೆಲಸ ಬೇರೆ. ನೆಲ ಮುಟ್ಟಿದ ಮೇಲೂ ರೆಕ್ಕೆ ವಿಮಾನವನ್ನು ಮೇಲಕ್ಕೆ ಎತ್ತುತ್ತಲೇ ಇರುತ್ತದೆ. ಭಾರ ಗಾಲಿಗಳ ಮೇಲೆ ಪೂರ್ತಿ ಬಿದ್ದಿರುವುದಿಲ್ಲ. ಭಾರ ಇಲ್ಲದ ಗಾಲಿಗೆ ಬ್ರೇಕ್ ಹಾಕಿ ಏನು ಪ್ರಯೋಜನ? ಸ್ಪಾಯ್ಲರ್ ಎದ್ದಾಗ ರೆಕ್ಕೆಯ ಆ ಎತ್ತುವ ಶಕ್ತಿ ಮುರಿಯುತ್ತದೆ, ಭಾರ ಗಾಲಿಗೆ ಇಳಿಯುತ್ತದೆ.

ಎರಡನೆಯದು ಇಳಿದ ಕೂಡಲೇ ಕೇಳುವ ಆ ಗುಡುಗಿನಂಥ ಸದ್ದು. ಎಂಜಿನ್ ಹಿಂದಕ್ಕೆ ತಿರುಗುತ್ತದೆ ಅಂತ ಹೇಳುವವರಿದ್ದಾರೆ. ಹಾಗಲ್ಲ. ಎಂಜಿನ್ ತಿರುಗುವುದು ಎಂದಿನಂತೆಯೇ. ಹಿಂದಕ್ಕೆ ಹೋಗಬೇಕಾದ ಗಾಳಿಗೆ ಬಾಗಿಲು ಮುಚ್ಚಿ ಅದನ್ನು ಮುಂದಕ್ಕೆ ಬಿಡುತ್ತಾರೆ, ಅಷ್ಟೇ. ಇದು ರಿವರ್ಸ್ ಥ್ರಸ್ಟ್. ವೇಗ ಜಾಸ್ತಿ ಇರುವಾಗಲೇ ಇದರ ಲಾಭ ಹೆಚ್ಚು. ಇನ್ನೊಂದು ಗುಣ, ನೆಲ ಒದ್ದೆಯೋ ಒಣಗಿದೆಯೋ ಇದಕ್ಕೆ ಲೆಕ್ಕ ಇಲ್ಲ. ಗಾಳಿಯ ಜೊತೆ ಮಾತ್ರ ಇದರ ವ್ಯವಹಾರ. ಹಾಗಾಗಿ ಮಳೆಗಾಲದಲ್ಲಿ ಇದರ ಬೆಲೆ ಜಾಸ್ತಿ.

ಮೂರನೆಯದು ಗಾಲಿಯ ಬ್ರೇಕ್. 737ರಲ್ಲಿ ರೆಕ್ಕೆಯ ಕೆಳಗಿನ ನಾಲ್ಕು ಗಾಲಿಗಳಿಗೆ ಮಾತ್ರ ಬ್ರೇಕ್ ಇದೆ, ಮೂಗಿನ ಕೆಳಗಿನ ಎರಡಕ್ಕೆ ಇಲ್ಲ. ಎಷ್ಟು ಬೇಗ ವೇಗ ಕಡಿಮೆಯಾಗಬೇಕು ಅಂತ ಇಳಿಯುವ ಮೊದಲೇ ಒಂದು ಗುಂಡಿ ತಿರುಗಿಸಿ ಇಟ್ಟುಕೊಳ್ಳುತ್ತಾರೆ. 1, 2, 3, ಕೊನೆಗೆ ಮ್ಯಾಕ್ಸ್. ಇದು ಆಟೋಬ್ರೇಕ್. ಜೊತೆಗೆ ಗಾಲಿ ತಿರುಗದೆ ಗಕ್ಕನೆ ಬಿಗಿದುಕೊಳ್ಳದಂತೆ ನೋಡಿಕೊಳ್ಳುವ ಆಂಟಿಸ್ಕಿಡ್ ಇದೆ. ಈಗ ನಮ್ಮ ಕಾರು ಬೈಕುಗಳಲ್ಲಿ ಎಬಿಎಸ್ ಅಂತ ಬರುತ್ತದಲ್ಲ, ಅದೇ. ಅದು ಮೊದಲು ಬಳಕೆಗೆ ಬಂದದ್ದು ವಿಮಾನದಲ್ಲಿ, ರಸ್ತೆಗೆ ಬಂದದ್ದು ಆಮೇಲೆ.

ಆದರೆ ಬ್ರೇಕ್ ಎಷ್ಟೇ ಬಲವಾಗಿದ್ದರೂ ಅದು ಹಿಡಿಯುವುದು ಗಾಲಿಯನ್ನು. ವಿಮಾನವನ್ನು ಹಿಡಿಯಬೇಕಾದದ್ದು ಟೈರಿಗೂ ನೆಲಕ್ಕೂ ನಡುವಿನ ಹಿಡಿತ. ಮಳೆ ಕೈ ಹಾಕುವುದು ಅಲ್ಲಿಗೆ.

ನೀರಿನ ಮೇಲೆ ಜಾರುವ ಗಾಲಿ

ಕೆರೆಗೆ ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿ ಎಸೆದರೆ ಅದು ಮುಳುಗದೆ ಕುಪ್ಪಳಿಸುತ್ತಾ ಹೋಗುತ್ತದೆ. ಕಲ್ಲು ತೇಲುವ ವಸ್ತುವೇನಲ್ಲ. ವೇಗ ಇದ್ದಾಗ ನೀರಿಗೆ ಪಕ್ಕಕ್ಕೆ ಸರಿಯಲು ಪುರುಸೊತ್ತು ಸಿಗುವುದಿಲ್ಲ. ಆಗ ನೀರು ಗಟ್ಟಿ ನೆಲದ ಹಾಗೆ ವರ್ತಿಸುತ್ತದೆ. ವೇಗ ಇಳಿದಾಗ ಮುಳುಗುತ್ತದೆ.

ಟೈರಿಗೂ ಇದೇ ಆಗುತ್ತದೆ. ಎದುರಿನ ನೀರನ್ನು ಟೈರು ಒತ್ತಿ ಪಕ್ಕಕ್ಕೆ ತಳ್ಳಬೇಕು. ವೇಗ ಮಿತಿ ಮೀರಿದರೆ ತಳ್ಳಲು ಸಮಯ ಸಾಲುವುದಿಲ್ಲ. ನೀರು ಟೈರಿನ ಅಡಿಗೆ ನುಗ್ಗಿ ಅದನ್ನು ನೆಲದಿಂದ ಎತ್ತಿಬಿಡುತ್ತದೆ. ಇದಕ್ಕೆ ಹೈಡ್ರೋಪ್ಲೇನಿಂಗ್ ಎನ್ನುತ್ತಾರೆ. ಆಗ ಬ್ರೇಕ್ ಒತ್ತಿದರೂ ಒಂದೇ, ಬಿಟ್ಟರೂ ಒಂದೇ.

ಯಾವ ವೇಗದಲ್ಲಿ ಹೀಗಾಗುತ್ತದೆ? ಅಮೆರಿಕದ ನಾಸಾದಲ್ಲಿ 1960ರ ದಶಕದಲ್ಲಿ ಇದಕ್ಕೊಂದು ಸುಲಭದ ಸೂತ್ರ ಸಿಕ್ಕಿತು. ಟೈರಿನೊಳಗಿನ ಗಾಳಿಯ ಒತ್ತಡದ ವರ್ಗಮೂಲ ತೆಗೆದು ಒಂಬತ್ತರಿಂದ ಗುಣಿಸಬೇಕು. ಒತ್ತಡ ಪಿಎಸ್ಐ ಲೆಕ್ಕದಲ್ಲಿ. ಬರುವ ವೇಗ ನಾಟ್ ಲೆಕ್ಕದಲ್ಲಿ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್.

ಪೆಟ್ರೋಲ್ ಬಂಕಿನಲ್ಲಿ ಕಾರಿಗೆ 32 ಹಾಕಿಸುತ್ತೀರಿ ಅಲ್ವಾ? ಅದರ ವರ್ಗಮೂಲ ಸುಮಾರು 5.66. ಒಂಬತ್ತರಿಂದ ಗುಣಿಸಿದರೆ 51 ನಾಟ್, ಅಂದರೆ ಸುಮಾರು 94 ಕಿಲೋಮೀಟರ್. ನಿಂತ ನೀರಿದ್ದರೆ ಪಡುಬಿದ್ರಿ ಹತ್ತಿರದ ಹೆದ್ದಾರಿಯಲ್ಲಿ ನಿಮ್ಮ ಕಾರು ದೋಣಿಯಾಗುವ ವೇಗ ಅದು. ಟೈರು ಸವೆದಿದ್ದರೆ ಅದಕ್ಕಿಂತ ಮೊದಲೇ.

737ರ ಟೈರಿನ ಒತ್ತಡ ಸುಮಾರು 200 ಪಿಎಸ್ಐ. ಕಾರಿನ ಆರು ಪಟ್ಟು. ಲೆಕ್ಕ ಹಾಕಿದರೆ 127 ನಾಟ್, ಅಂದರೆ 235 ಕಿಲೋಮೀಟರ್ ಆಸುಪಾಸು. ವಿಮಾನ ನೆಲ ಮುಟ್ಟುವುದು 250ರಲ್ಲಿ ಅಂತ ಆಗಲೇ ಹೇಳಿದೆ. ಅಂದರೆ ರನ್‌ವೇಯಲ್ಲಿ ನೀರು ನಿಂತಿದ್ದರೆ ವಿಮಾನ ಬರುವುದೇ ಜಾರುವ ವೇಗದಲ್ಲಿ. ಸಾಲದ್ದಕ್ಕೆ, ನೆಲ ಮುಟ್ಟುವ ಗಾಲಿ ಅದುವರೆಗೆ ತಿರುಗುತ್ತಲೇ ಇರುವುದಿಲ್ಲ. ನೀರಿನ ಮೇಲೆ ಕೂತ ಗಾಲಿ ತಿರುಗಲು ಶುರುವಾಗಬೇಕಾದರೆ ವೇಗ ಇನ್ನೂ ಇಳಿಯಬೇಕು. ಅದಕ್ಕೆ ಒಂಬತ್ತರ ಬದಲು 7.7ರಿಂದ ಗುಣಿಸುತ್ತಾರೆ. ಆಗ ಬರುವುದು ಸುಮಾರು 200 ಕಿಲೋಮೀಟರ್.

ಇಷ್ಟು ಆಗಬೇಕಾದರೆ ನೀರು ಕೆಲವು ಮಿಲಿಮೀಟರ್ ದಪ್ಪ ನಿಂತಿರಬೇಕು. ಸುಮ್ನೆ ಒದ್ದೆಯಾದ ಮಾತ್ರಕ್ಕೆ ಆಗುವುದಿಲ್ಲ. ಆದರೆ ಜಾರಲು ಇನ್ನೂ ಎರಡು ದಾರಿ ಇವೆ. ಒಂದು, ತೆಳ್ಳಗಿನ ನೀರಿನ ಪೊರೆಯಿಂದ ಆಗುವುದು. ಮನೆಯ ರೆಡ್ ಆಕ್ಸೈಡ್ ನೆಲಕ್ಕೆ ಒಂದು ಚೊಂಬು ನೀರು ಚೆಲ್ಲಿದರೂ ಸಾಕು, ಸವೆದ ಹವಾಯಿ ಚಪ್ಪಲಿಯವರು ಬಿದ್ದಂತೆಯೇ. ನೆಲ ನುಣುಪಾಗಿದ್ದರೆ ಕಡಿಮೆ ವೇಗದಲ್ಲೂ ಹಿಡಿತ ಹೋಗುತ್ತದೆ. ಇನ್ನೊಂದು, ಗಾಲಿ ಬಿಗಿದುಕೊಂಡು ಉಜ್ಜುತ್ತಾ ಹೋದಾಗ. ಆ ಬಿಸಿಗೆ ಅಡಿಯ ನೀರು ಆವಿಯಾಗುತ್ತದೆ, ರಬ್ಬರು ಕರಗಿ ಅಂಟಂಟಾಗುತ್ತದೆ, ಟೈರು ಆವಿಯ ಮೇಲೆ ಸವಾರಿ ಮಾಡುತ್ತದೆ. ರನ್‌ವೇ ಮೇಲೆ ಕಪ್ಪು ಗುರುತಿನ ಬದಲು ತೊಳೆದಂಥ ಬಿಳಿ ಪಟ್ಟೆ ಉಳಿಯುತ್ತದೆ. ಆಂಟಿಸ್ಕಿಡ್ ಕೆಲಸ ಮಾಡುತ್ತಿದ್ದರೆ ಇದು ಅಪರೂಪ.

ಮೆತ್ತಗೆ ಇಳಿಸುವುದು ಒಳ್ಳೆಯದಲ್ವಾ?

ಮಳೆಯಲ್ಲಿ ಅಲ್ಲ. ದಡಕ್ಕನೆ ಇಳಿದರೆ ನಾವು ಪೈಲಟ್‌ಗೆ ಮನಸ್ಸಿನಲ್ಲೇ ಬೈಯುತ್ತೇವೆ. ಹೂವಿನ ಹಾಗೆ ಇಳಿದರೆ ಕೆಲವರು ಚಪ್ಪಾಳೆಯೂ ತಟ್ಟುತ್ತಾರೆ. ಒದ್ದೆ ರನ್‌ವೇಯಲ್ಲಿ ಈ ಮಾರ್ಕು ಹಾಕುವ ಕ್ರಮ ತಲೆಕೆಳಗು.

ಮೆತ್ತಗೆ ಕೂತ ಗಾಲಿ ನೀರಿನ ಪೊರೆಯನ್ನು ಒಡೆಯುವುದಿಲ್ಲ. ತಿರುಗಲು ತಡ ಮಾಡುತ್ತದೆ. ಗಾಲಿ ತಿರುಗಿದೆ, ಇಲ್ಲವೇ ಅದರ ಕಾಲು ಭಾರಕ್ಕೆ ಕುಗ್ಗಿದೆ ಅಂತ ಗೊತ್ತಾದ ಮೇಲೇ ಸ್ಪಾಯ್ಲರ್ ತಾನಾಗಿ ಏಳುವುದು. ಆಟೋಬ್ರೇಕ್ ಹಿಡಿಯಲೂ ಗಾಲಿ ತಿರುಗಲೇಬೇಕು. ಅಲ್ಲಿಗೆ ಎಲ್ಲ ತಡ. ಜೊತೆಗೆ, ಮೆತ್ತಗೆ ಇಳಿಸಲು ಹೋದರೆ ವಿಮಾನ ನೆಲದ ಮೇಲೆ ತೇಲುತ್ತಾ ಮುಂದೆ ಹೋಗುತ್ತದೆ. ಐದು ಸೆಕೆಂಡ್ ತೇಲಿದರೆ 350 ಮೀಟರ್ ಕಳೆಯಿತು. ಆ ಎಪ್ಪತ್ತರ ಲೆಕ್ಕ ಇಲ್ಲಿದೆ. ಹಾಗಾಗಿ ಮಳೆಗಾಲದಲ್ಲಿ ಬಜ್ಪೆಯಲ್ಲಿ ಹಲ್ಲು ಕಡಿಯುವ ಹಾಗೆ ಇಳಿದರೆ ಅದು ಬೇಕೆಂದೇ ಇಳಿಸಿದ್ದಿರಬಹುದು.

ರನ್‌ವೇಯೂ ಒಂದು ಅಂಗಳ

ನಮ್ಮ ಕಡೆ ಮಳೆಗಾಲ ಬಂದರೆ ಅಂಗಳದಲ್ಲಿ ಪಾಚಿ ಕಟ್ಟುತ್ತದೆ. ಜಾರದಿರಲಿ ಅಂತ ಅಡಿಕೆ ಸೋಗೆಯನ್ನೋ ತೆಂಗಿನ ಮಡಲನ್ನೋ ಹಾಸುತ್ತೇವೆ. ನೀರು ಕಾಲಿನಡಿ ನಿಲ್ಲದೆ ಎಲೆಗಳ ಸಂದಿಗೆ ಇಳಿಯುತ್ತದೆ, ಪಾದಕ್ಕೆ ತರಿತರಿ ಸಿಗುತ್ತದೆ. ರನ್‌ವೇ ಮಾಡುವವರೂ ಯೋಚಿಸುವುದು ಇದನ್ನೇ.

ಮೊದಲನೆಯದು ಇಳಿಜಾರು. ರನ್‌ವೇ ನಡುವೆ ಎತ್ತರ, ಎರಡೂ ಬದಿಗೆ ತುಸು ತಗ್ಗು. ಕಣ್ಣಿಗೆ ಕಾಣದಷ್ಟು, ನೂರು ಮೀಟರಿಗೆ ಒಂದು ಒಂದೂವರೆ ಮೀಟರಿನ ಲೆಕ್ಕ. ಎರಡನೆಯದು, ಮೇಲ್ಮೈ ಒರಟಾಗಿರಬೇಕು. ಹಲವು ಕಡೆ ರನ್‌ವೇಗೆ ಅಡ್ಡಲಾಗಿ ಸಣ್ಣ ಗೀರುಗಳನ್ನೂ ಕೊರೆಯುತ್ತಾರೆ. ಅಮೆರಿಕದ ಮಾನದಂಡದಲ್ಲಿ ಗೀರು 6 ಮಿಲಿಮೀಟರ್ ಆಳ, 6 ಮಿಲಿಮೀಟರ್ ಅಗಲ, ಒಂದಕ್ಕೂ ಇನ್ನೊಂದಕ್ಕೂ 38 ಮಿಲಿಮೀಟರ್ ಅಂತರ. ಟೈರು ಒತ್ತಿದಾಗ ನೀರಿಗೆ ಓಡಿಹೋಗಲು ದಾರಿ ಸಿಗುತ್ತದೆ. ಮಂಗಳೂರಿನ ಈ ರನ್‌ವೇ 2006ರಲ್ಲಿ ಬಳಕೆಗೆ ಬಂದಾಗ ಕಾಂಕ್ರೀಟಿನದ್ದಾಗಿತ್ತು. 2023ರ ಆರಂಭದಲ್ಲಿ ಹಗಲು ವಿಮಾನಗಳನ್ನು ನಿಲ್ಲಿಸಿ ಅದರ ಮೇಲೆ ಡಾಂಬರಿನ ಪದರ ಹಾಕಿದರು.

ಇನ್ನು ರಬ್ಬರು. ಗಾಲಿ ನೆಲ ಮುಟ್ಟಿದಾಗ ಪುಸ್ಸನೆ ಹೊಗೆ ಏಳುತ್ತದೆ. ತಿರುಗದೆ ಇದ್ದ ಗಾಲಿ ಕ್ಷಣದಲ್ಲಿ 250ರ ವೇಗಕ್ಕೆ ಬರುವಾಗ ಟೈರು ಸುಡುತ್ತದೆ. ಸುಟ್ಟ ರಬ್ಬರು ನೆಲಕ್ಕೆ ಅಂಟುತ್ತದೆ. ವಿಮಾನದ ನಂತರ ವಿಮಾನ ಅಲ್ಲೇ ಇಳಿಯುತ್ತದೆ, ರಬ್ಬರು ತಿಂಗಳುಗಟ್ಟಲೆ ಸೇರಿ ಒರಟುತನ ಮುಚ್ಚುತ್ತದೆ. ಒಣಗಿದ್ದಾಗ ಗೊತ್ತಾಗುವುದಿಲ್ಲ. ಮಳೆ ಬಿದ್ದರೆ ಅದೇ ಪಾಚಿ. ಹಾಗಾಗಿ ಒತ್ತಡದ ನೀರು ಹೊಡೆದು ಆಗಾಗ ಅದನ್ನು ಕಿತ್ತು ತೆಗೆಯಬೇಕು. ಹಿಡಿತ ಎಷ್ಟಿದೆ ಅಂತ ನೋಡಲು ಪ್ರತ್ಯೇಕ ಗಾಲಿ ಇರುವ ವಾಹನವನ್ನು ರನ್‌ವೇ ಮೇಲೆ ಓಡಿಸಿ ಅಳೆಯುತ್ತಾರೆ.

ಎಲ್ಲಿ ನೆಲ ಮುಟ್ಟಿತು?

ಇಷ್ಟು ಹೊತ್ತು ನೀರಿನ ಬಗ್ಗೆ ಹೇಳಿದೆ. ಆದರೆ ಈ ವಿಷಯ ಓದುತ್ತಾ ಹೋದಂತೆ ನನಗೆ ದೊಡ್ಡದಾಗಿ ಕಂಡದ್ದು ನೀರಲ್ಲ.

2010ರ ಮೇ 22ರ ಬೆಳಗ್ಗೆ ನಮ್ಮವರಿಗೆ ಮರೆಯುವಂಥದ್ದಲ್ಲ. ದುಬೈಯಿಂದ ಬಂದ ಬೋಯಿಂಗ್ 737-800 ವಿಮಾನ ರನ್‌ವೇ ದಾಟಿ ಕೆಂಜಾರಿನ ಕಮರಿಗೆ ಬಿತ್ತು. 166 ಜನರಲ್ಲಿ 158 ಮಂದಿ ತೀರಿಕೊಂಡರು, ಉಳಿದದ್ದು ಎಂಟೇ ಮಂದಿ. "ಮಳೆಗೆ ಜಾರಿತಂತೆ" ಅಂತ ಹೇಳುವವರು ಈಗಲೂ ಸಿಗುತ್ತಾರೆ. ಆ ದಿನ ಇಳಿಯುವ ಹೊತ್ತಿಗೆ ಮಳೆ ಇರಲಿಲ್ಲ. ರನ್‌ವೇ ಒಣಗಿತ್ತು.

ಆದದ್ದು ಬೇರೆ. ವಿಮಾನ ಬೇಕಾದದ್ದಕ್ಕಿಂತ ಎತ್ತರದಲ್ಲಿ, ಬೇಕಾದದ್ದಕ್ಕಿಂತ ವೇಗದಲ್ಲಿ ಬಂತು. ಸಹ ಪೈಲಟ್ ಮೂರು ಸಲ ಮತ್ತೆ ಮೇಲಕ್ಕೆ ಹೋಗೋಣ ಅಂದರು. ವಿಮಾನದ ಎಚ್ಚರಿಕೆ ಯಂತ್ರವೂ ಕೂಗಿತು. ಕ್ಯಾಪ್ಟನ್ ಇಳಿಸಿದರು. ತನಿಖಾ ವರದಿಯ ಪ್ರಕಾರ ಗಾಲಿ ಸರಿಯಾಗಿ ನೆಲ ಹಿಡಿದದ್ದು ರನ್‌ವೇ ಶುರುವಾಗಿ ಸುಮಾರು 5,200 ಅಡಿ ಕಳೆದ ಮೇಲೆ. ಒಟ್ಟು ಉದ್ದ 8,033 ಅಡಿ. ಉಳಿದದ್ದು 2,800 ಅಡಿ ಚಿಲ್ಲರೆ, ಅಂದರೆ ಸುಮಾರು 860 ಮೀಟರ್. ಬ್ರೇಕ್ ಹಾಕಿದರು, ರಿವರ್ಸ್ ಹಾಕಿದರು. ಆಮೇಲೆ ಮನಸ್ಸು ಬದಲಾಯಿಸಿ ಮತ್ತೆ ಹಾರಲು ನೋಡಿದರು. ರಿವರ್ಸ್ ಹಾಕಿದ ಮೇಲೆ ಹಾರಬಾರದು ಅನ್ನುವುದು ನಿಯಮ. ಅಷ್ಟು ತಡವಾಗಿ ಇಳಿದ ಮೇಲೂ ರಿವರ್ಸ್ ಮತ್ತು ಬ್ರೇಕನ್ನು ಪೂರ್ತಿ ಹಿಡಿದಿದ್ದರೆ ರನ್‌ವೇಯ ಒಳಗೇ ನಿಲ್ಲಬಹುದಿತ್ತು ಅಂತ ವರದಿ ಹೇಳುತ್ತದೆ.

ಹತ್ತು ವರ್ಷ ಕಳೆದು 2020ರ ಆಗಸ್ಟ್ 7ರಂದು ಕೋಝಿಕ್ಕೋಡಿನಲ್ಲಿ ಅಂಥದ್ದೇ ಇನ್ನೊಂದು. ಅದೇ ಮಾದರಿಯ ವಿಮಾನ, ಅಲ್ಲಿಯದೂ ಗುಡ್ಡದ ಮೇಲಿನ ರನ್‌ವೇ. ಆ ದಿನ ಮಳೆ ಜೋರಾಗಿತ್ತು, ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿತ್ತು, ಕ್ಯಾಪ್ಟನ್ ಕಡೆಯ ವೈಪರ್ ನಿಂತುಹೋಗಿತ್ತು. ವಿಮಾನ ನೆಲ ಮುಟ್ಟಿದ್ದು ಅರ್ಧ ರನ್‌ವೇ ಕಳೆದ ಮೇಲೆ. 21 ಮಂದಿ ತೀರಿಕೊಂಡರು, ಇಬ್ಬರು ಪೈಲಟ್‌ಗಳೂ ಸೇರಿ.

ಒಂದು ಒಣ ನೆಲ, ಒಂದು ಒದ್ದೆ ನೆಲ. ಎರಡರಲ್ಲೂ ಇಳಿಯಬೇಕಾದ ಜಾಗ ದಾಟಿ ಇಳಿದದ್ದು ಸಮಾನ.

ಆ ಜಾಗಕ್ಕೆ ಟಚ್‌ಡೌನ್ ಝೋನ್ ಅಂತ ಹೆಸರು. ರನ್‌ವೇಯ ಮೊದಲ 900 ಮೀಟರ್, ಇಲ್ಲವೇ ಮೊದಲ ಮೂರನೇ ಒಂದು ಭಾಗ, ಯಾವುದು ಕಡಿಮೆಯೋ ಅದು. ಮಂಗಳೂರಿನ ಉದ್ದಕ್ಕೆ 800 ಮೀಟರ್ ಚಿಲ್ಲರೆ ಆಗುತ್ತದೆ. ಅಲ್ಲಿಗೆ ಬರುವ ದಾರಿಯೂ ನಿಗದಿಯಾದದ್ದು, ಮೂರು ಡಿಗ್ರಿಯ ಓರೆ ಇಳಿಜಾರು. ರನ್‌ವೇ ತುದಿ ದಾಟುವಾಗ ಎತ್ತರ 50 ಅಡಿ ಇರಬೇಕು. ಇಳಿಜಾರು ಇಷ್ಟು ಸಪಾಟಾಗಿರುವುದರಿಂದ ಎತ್ತರದಲ್ಲಿ ಸಣ್ಣ ತಪ್ಪಾದರೂ ನೆಲದಲ್ಲಿ ದೊಡ್ಡದಾಗುತ್ತದೆ. 50ರ ಬದಲು 100 ಅಡಿಯಲ್ಲಿ ಬಂದರೆ ಸುಮಾರು 300 ಮೀಟರ್ ಮುಂದೆ ಇಳಿಯುತ್ತದೆ. ಎತ್ತರದ ತಪ್ಪು ನಾಲ್ಕೈದು ಮಾಳಿಗೆಯಷ್ಟು, ನೆಲದಲ್ಲಿ ಹೋದದ್ದು ಮೂರು ಫುಟ್‌ಬಾಲ್ ಮೈದಾನದಷ್ಟು. ಬೆನ್ನ ಗಾಳಿಯೂ ಹೀಗೇ ಜಾಗ ತಿನ್ನುತ್ತದೆ. ಹತ್ತು ನಾಟ್ ಬೆನ್ನ ಗಾಳಿ ಇದ್ದರೆ ಇಳಿಯಲು ಬೇಕಾದ ಉದ್ದ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚಾಗುತ್ತದೆ ಅನ್ನುವುದು ಒಂದು ಅಂದಾಜು. ನಮ್ಮ ಪುಣ್ಯ, ಮುಂಗಾರಿನ ಗಾಳಿ ಬರುವುದು ಪಡುವಣ, ನೈಋತ್ಯದಿಂದ. ರನ್‌ವೇಯ 24 ಅಂತ ಬರೆದ ತುದಿಯಿಂದ ಇಳಿಯುವ ವಿಮಾನದ ಮೂಗು ನೈಋತ್ಯಕ್ಕೇ ಇರುತ್ತದೆ. ಗಾಳಿ ಎದುರಿನಿಂದ ಸಿಕ್ಕಿ ತಾನೂ ಒಂದು ಕೈ ಬ್ರೇಕ್ ಹಿಡಿಯುತ್ತದೆ.

ಟೇಬಲ್‌ಟಾಪ್ ಅಂದರೆ ಜಾಸ್ತಿ ಜಾರುತ್ತದಾ?

ಇಲ್ಲ. ಗುಡ್ಡದ ಮೇಲಿದ್ದರೂ ಬಯಲಿನಲ್ಲಿದ್ದರೂ ಟೈರಿಗೆ ಸಿಗುವ ಹಿಡಿತ ಒಂದೇ. ವ್ಯತ್ಯಾಸ ಇರುವುದು ರನ್‌ವೇ ಮುಗಿದ ಮೇಲೆ. ಬಯಲಿನಲ್ಲಿ ದಾಟಿಹೋದರೆ ಕೆಸರಿನಲ್ಲಿ ಹೂತುಕೊಂಡು ನಿಲ್ಲುವ ಸಾಧ್ಯತೆ ಉಂಟು. ಇಲ್ಲಿ ಕಮರಿ. ಅದಕ್ಕೇ ಇಂಥ ಕಡೆ ಸಹ ಪೈಲಟ್‌ಗೆ ಇಳಿಸಲು ಬಿಡುವುದಿಲ್ಲ, ಕ್ಯಾಪ್ಟನ್ನೇ ಇಳಿಸಬೇಕು.

ರನ್‌ವೇ ತುದಿಯಾಚೆ ಸಮತಟ್ಟು ಮಾಡಿ ಬಿಟ್ಟಿರುವ ಜಾಗಕ್ಕೆ ರೆಸಾ ಅನ್ನುತ್ತಾರೆ. ಅಂತರರಾಷ್ಟ್ರೀಯ ನಿಯಮದಲ್ಲಿ ಇದು ಕಡಿಮೆಯೆಂದರೆ 90 ಮೀಟರ್ ಇರಬೇಕು, 240 ಇದ್ದರೆ ಒಳ್ಳೆಯದು ಎಂದಿದೆ. ಗುಡ್ಡದ ತುದಿಯಲ್ಲಿ ಅಷ್ಟು ಜಾಗ ಹುಡುಕುವುದು ಕಷ್ಟ. ಕೆಲವು ದೇಶಗಳಲ್ಲಿ ತುದಿಗೆ ಹಗುರ ಸಿಮೆಂಟಿನ ಹಾಸು ಹಾಕುತ್ತಾರೆ. ವಿಮಾನದ ಗಾಲಿ ಹತ್ತಿದರೆ ಅದು ಹಪ್ಪಳದ ಹಾಗೆ ಪುಡಿಯಾಗುತ್ತಾ ಗಾಲಿಯನ್ನು ಹೂತು ಹಿಡಿಯುತ್ತದೆ.

ಹೊರಡುವ ಮೊದಲೇ ಲೆಕ್ಕ

ಸರಿ, ಜಾಗ ಸಾಕೋ ಸಾಲದೋ ಅಂತ ನೋಡುವುದು ಯಾವಾಗ? ಮೊದಲ ಸಲ, ವಿಮಾನ ದುಬೈಯಲ್ಲೋ ಮುಂಬೈಯಲ್ಲೋ ನಿಂತಿರುವಾಗಲೇ. ಪರೀಕ್ಷಾ ಹಾರಾಟದಲ್ಲಿ ನಿಲ್ಲಲು ಬೇಕಾದ ಉದ್ದ, ಹೋಗುವ ಊರಿನ ರನ್‌ವೇಯ ನೂರಕ್ಕೆ ಅರವತ್ತರೊಳಗೆ ಇರಬೇಕು. ಜೆಟ್ ವಿಮಾನಗಳಿಗೆ ಇದು ನಿಯಮ. 2,450 ಮೀಟರಿಗೆ 1,470 ಆಯಿತು. ರನ್‌ವೇ ಒದ್ದೆ ಇರಬಹುದು ಅಂತಾದರೆ ಇನ್ನೂ ನೂರಕ್ಕೆ ಹದಿನೈದು ಬಿಗಿ. ಆಗ ಲೆಕ್ಕ 1,275 ಮೀಟರ್ ಹತ್ತಿರಕ್ಕೆ ಇಳಿಯುತ್ತದೆ. ಹೊಂದದಿದ್ದರೆ ತೂಕ ಕಡಿಮೆ ಮಾಡಬೇಕು. ಮದುವೆಗೆ ಐನೂರು ಜನ ಬರುತ್ತಾರೆ ಅಂದರೆ ಎಂಟುನೂರು ಮಂದಿಗೆ ಅಕ್ಕಿ ಹಾಕುತ್ತೇವಲ್ಲ, ಅಂಥದ್ದೇ ಬುದ್ಧಿ.

ಎರಡನೇ ಸಲ, ಇಳಿಯುವ ಸ್ವಲ್ಪ ಮೊದಲು. ಆಗ ನಿಜವಾದ ನೆಲ ಹೇಗಿದೆ ಅನ್ನುವುದು ಬೇಕು. ಮೊದಲೆಲ್ಲ "ರನ್‌ವೇ ಒದ್ದೆ" ಅಂತ ಹೇಳಿ ಮುಗಿಸುತ್ತಿದ್ದರು. 2021ರ ನವೆಂಬರ್‌ನಿಂದ ಜಗತ್ತಿಗೆಲ್ಲ ಒಂದೇ ಅಂಕಿ ಪದ್ಧತಿ ಬಂದಿದೆ. 6 ಅಂದರೆ ಒಣ. 5 ಅಂದರೆ ಒದ್ದೆ, ನೀರು 3 ಮಿಲಿಮೀಟರ್‌ವರೆಗೆ. ಒದ್ದೆಯಾದರೆ ಜಾರುವ ರನ್‌ವೇ ಅಂತ ಮೊದಲೇ ಗುರುತಿಸಿದ್ದರೆ 3. ನೀರು 3 ಮಿಲಿಮೀಟರ್ ಮೀರಿ ನಿಂತಿದ್ದರೆ 2. 0 ಅಂದರೆ ಇಳಿಯುವ ಮಾತೇ ಇಲ್ಲ. ರನ್‌ವೇಯನ್ನು ಮೂರು ಪಾಲು ಮಾಡಿ ಒಂದೊಂದಕ್ಕೂ ಅಂಕಿ ಕೊಡುತ್ತಾರೆ. "5, 5, 2" ಅಂತ ಬಂದರೆ ಕೊನೆಯ ಪಾಲಿನಲ್ಲಿ ನೀರು ನಿಂತಿದೆ ಅಂತ ಅರ್ಥ. 5ರಿಂದ 2ಕ್ಕೆ ಎಷ್ಟು ದೊಡ್ಡ ಜಿಗಿತ ನೋಡಿ, ನಡುವೆ ಇರುವುದು ಕೆಲವೇ ಮಿಲಿಮೀಟರ್ ನೀರು. ಆಗಷ್ಟೇ ಇಳಿದ ಪೈಲಟ್ ಕೂಡ ಬ್ರೇಕ್ ಹೇಗೆ ಹಿಡಿಯಿತು ಅಂತ ಹೇಳುತ್ತಾರೆ. ಚೆನ್ನಾಗಿದೆ, ಸಾಧಾರಣ, ಕಳಪೆ, ಹೀಗೆ. ಹಿಂದೆ ಬರುವವರಿಗೆ ಅದು ಉಪಯೋಗ. ನಾವು ಎದುರಿನಿಂದ ಬರುವ ಬೈಕಿನವನಿಗೆ ಮುಂದೆ ಗುಂಡಿ ಇದೆ ಅಂತ ಕೈ ಮಾಡುವುದಿಲ್ವಾ?

ಇಳಿಯದೆ ಮೇಲೆ ಹೋದದ್ದು

ಕುಂದಾಪುರದ ಅಮ್ಮನ ಪ್ರಶ್ನೆಗೆ ಈಗ ಬರೋಣ. ಬ್ರೇಕ್ ಸಮ ಇತ್ತು. ಅದರ ಸರದಿಯೇ ಬರಲಿಲ್ಲ.

ನೆಲದಿಂದ 1,000 ಅಡಿ ಎತ್ತರಕ್ಕೆ ಬರುವಾಗ ವೇಗ, ಇಳಿಯುವ ದರ, ದಿಕ್ಕು, ಗಾಲಿ, ರೆಕ್ಕೆಯ ಫ್ಲಾಪ್ ಎಲ್ಲ ಸರಿಯಾಗಿ ಕೂತಿರಬೇಕು. ಮೋಡ ಇಲ್ಲದೆ ಎಲ್ಲ ಕಾಣುವಂತಿದ್ದರೆ 500 ಅಡಿವರೆಗೆ ಸಮಯ. ಯಾವುದಾದರೂ ಒಂದು ತಪ್ಪಿದ್ದರೆ ಮೇಲಕ್ಕೆ ಹೋಗಬೇಕು. ಇದಕ್ಕೆ ಗೋ-ಅರೌಂಡ್ ಅಂತ ಹೆಸರು. ಇನ್ನೂ ಕೆಳಗೆ, ನಿಗದಿಯಾದ ಎತ್ತರಕ್ಕೆ ಬಂದಾಗ ಮಳೆಯಲ್ಲಿ ರನ್‌ವೇಯ ದೀಪ ಕಾಣದಿದ್ದರೂ ಹೋಗಬೇಕು. ಗಾಲಿ ಮುಟ್ಟುವ ಹೊತ್ತಿಗೆ ವಿಮಾನ ತೇಲಿ ಮುಂದೆ ಹೋದರೂ ಹೋಗಬಹುದು. ರಿವರ್ಸ್ ಹಾಕುವ ತನಕ ಈ ಬಾಗಿಲು ತೆರೆದೇ ಇರುತ್ತದೆ. ಒಳಗೆ ಕೂತವರಿಗೆ ಹೊಟ್ಟೆ ತಳಮಳ, ಎಂಜಿನ್ ಸದ್ದು ಕೇಳಿ ಕೈಕಾಲು ತಣ್ಣಗೆ. ಕಾಕ್‌ಪಿಟ್‌ನಲ್ಲಿ ಅದು ಮತ್ತೆ ಮತ್ತೆ ಕಲಿತ ಕೆಲಸ.

ಇಂಧನದ ಲೆಕ್ಕವೂ ಮೊದಲೇ ಆಗಿರುತ್ತದೆ. ಮಂಗಳೂರಿಗೆ ಬರುವ ವಿಮಾನ ಮಂಗಳೂರಿಗೆ ಮಾತ್ರ ಇಂಧನ ತರುವುದಿಲ್ಲ. ಇಲ್ಲಿ ಇಳಿಯಲು ನೋಡಿ, ಆಗದೆ, ಗೊತ್ತು ಮಾಡಿದ ಇನ್ನೊಂದು ಊರಿಗೆ ಹೋಗಿ, ಅಲ್ಲಿ ಅರ್ಧ ಗಂಟೆ ಸುತ್ತುವಷ್ಟು ಇರಬೇಕು. ಆ ಇನ್ನೊಂದು ಊರು ಬೆಂಗಳೂರೋ ಕೊಚ್ಚಿಯೋ ಆಗಿರುತ್ತದೆ. ಮಳೆ ಸ್ವಲ್ಪ ಬಿಡಬಹುದು ಅನ್ನಿಸಿದರೆ ಕೆಲವು ಸುತ್ತು ಮೇಲೆಯೇ ಕಾಯುತ್ತಾರೆ. ಆದರೆ ಆ ಊರಿಗೆ ಹೋಗಲು ಬೇಕಾದ ಪಾಲನ್ನು ಮುಟ್ಟುವ ಹಾಗಿಲ್ಲ.

ಅಲ್ಲಿಗೆ ಹೋದ ಮೇಲೆ ಇನ್ನೊಂದು ತಾಪತ್ರಯ ಶುರುವಾಗುತ್ತದೆ. ಪೈಲಟ್‌ಗಳು ದಿನಕ್ಕೆ ಎಷ್ಟು ಹೊತ್ತು ಕೆಲಸ ಮಾಡಬಹುದು ಅನ್ನುವುದಕ್ಕೂ ಮಿತಿ ಇದೆ. ಆ ಹೊತ್ತು ಮುಗಿದರೆ ಮಂಗಳೂರಿನಲ್ಲಿ ಬಿಸಿಲು ಬಂದರೂ ಅವರು ಹಾರಿಸುವ ಹಾಗಿಲ್ಲ, ಬೇರೆ ಪೈಲಟ್‌ಗಳು ಬರಬೇಕು. ಅಣ್ಣನ ಮಗ ಆ ದಿನ ಬೆಂಗಳೂರಿನಲ್ಲಿ ನಾಲ್ಕು ಗಂಟೆ ವಿಮಾನದೊಳಗೇ ಕೂತಿದ್ದ. ಬಜ್ಪೆಯಲ್ಲಿ ಹೊರಗೆ ಬಂದದ್ದು ರಾತ್ರಿ ಹನ್ನೊಂದಕ್ಕೆ. ಇಳಿಯುವಾಗ ಭಯಂಕರ ದಡಕ್ ಅಂತು ಮಾರಾಯ್ರೇ, ಪೈಲಟ್ ಹೊಸಬ ಇರಬೇಕು ಅಂದ.